ರಾಗಿಯ ಬಿಸ್ಕತ್ತು ಮತ್ತು ಕೋಕೋ ಉಂಡೆ: ಪಟ್ಟಣದ ಅಡಿಗೆಮನೆಗೆ ಒಪ್ಪುವ ಹಿಟ್ಟು

ಬೆಂಗಳೂರಿನಲ್ಲಿ 1809ರಲ್ಲಿ ದಂಡು ಸ್ಥಾಪಿತವಾದ ತರುವಾಯ ಆ ಭಾಗದಲ್ಲಿ ಬ್ರೆಡ್ಡು, ಬಿಸ್ಕತ್ತು, ಕೇಕುಗಳ ಬಳಕೆಯು ಬೇರೂರಿತು. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿರುವ ಆಲ್ಬರ್ಟ್ ಬೇಕರಿಯು 1902ರಲ್ಲಿ ಆರಂಭವಾದುದು. ನೆರೆಯ ಬೆನ್ಸನ್ ಟೌನಿನ ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಕೇಕು ಮಾಡುವುದು ಹಳೆಯ ವಾಡಿಕೆ. ಈ ತಿನಿಸುಗಳೆಲ್ಲ ಮೈದಾದಿಂದ ಆಗತಕ್ಕವಾದುದರಿಂದ, ಸುತ್ತಲಿನ ರಾಗಿ ಬೆಳೆಗಾರನಿಗೆ ಅವುಗಳಿಂದ ಹೇಳಿಕೊಳ್ಳುವ ಲಾಭವಿರಲಿಲ್ಲ. ಈಗಲಾದರೋ ರಾಗಿ, ನವಣೆ, ಸಜ್ಜೆಗಳ ಹಿಟ್ಟಿನಿಂದ ಬಿಸ್ಕತ್ತು ಕೇಕುಗಳನ್ನು ಮಾಡುವವರು ಇಂಥ ಬಡಾವಣೆಗಳಲ್ಲಿ ಕಂಡುಬರುತ್ತಾರೆ. ಹೊಸಕೋಟೆ, ದೇವನಹಳ್ಳಿಗಳ ಜಮೀನುದಾರರು ಈ ಗಿರಾಕಿಯ ಅಗತ್ಯವನ್ನು ಅರಿಯುವುದು ಲಾಭಕರ.

ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟು ಪದಾರ್ಥವಿದೆ. ನಾದಿದ ಹಿಟ್ಟು ಎಳೆದಂತೆ ಹಿಗ್ಗುವುದೂ, ಬ್ರೆಡ್ಡು ಉಬ್ಬಿ ನಿಲ್ಲುವುದೂ ಅದರಿಂದಲೇ. ರಾಗಿಯಲ್ಲಿ ಇದು ಇಲ್ಲ. ಆದುದರಿಂದ ಕೇವಲ ರಾಗಿಯಿಂದ ಒಳ್ಳೆಯ ಬ್ರೆಡ್ಡು ಆಗದು. ಐದರಲ್ಲಿ ಒಂದು ಪಾಲು ಬೆರೆಸಬಹುದು. ಬಿಸ್ಕತ್ತು ಉಬ್ಬಬೇಕಾದುದಲ್ಲ, ಪುಡಿಪುಡಿಯಾಗಿ ಮುರಿಯಬೇಕಾದುದು. ಅದಕ್ಕೆ ಬರಿಯ ರಾಗಿಯೇ ಸಾಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ; ಗೋಧಿಯಲ್ಲಿ ಇದರ ಐದರಲ್ಲೊಂದು ಪಾಲೂ ಇಲ್ಲ.

ಸೀಲಿಯಾಕ್ ಎಂಬ ವ್ಯಾಧಿಯುಳ್ಳವರಿಗೆ ಗ್ಲೂಟೆನ್ ಸ್ವಲ್ಪವೇ ಹೊಟ್ಟೆಗೆ ಹೋದರೂ ಸಣ್ಣ ಕರುಳು ಕೆಡುತ್ತದೆ. ಇಂಥವರು ರಾಗಿಯ ಬಿಸ್ಕತ್ತನ್ನು ನಂಬಿಕೊಂಡು ತಿನ್ನುತ್ತಾರೆ. ಗೋಧಿ ಬೀಸಿದ ಗಿರಣಿಯಲ್ಲಿ ಹಾಗೆಯೇ ರಾಗಿಯನ್ನು ಸುರಿದು ಬೀಸಿದರೆ, ಕಲ್ಲಿನ ಸಂದಿನಲ್ಲಿ ಉಳಿದ ಗೋಧಿ ಹಿಟ್ಟು ಅದರೊಳಗೆ ಸೇರಿಯೇ ಸೇರುತ್ತದೆ. ಮೊದಲಿನ ನಾಲ್ಕು ಸೇರು ಹಿಟ್ಟನ್ನು ಬೇರೆ ತೆಗೆದರೆ ಸಾಕೆಂದು ಕೆಲವರು ತಿಳಿಯುವುದುಂಟು, ಅದು ಸಾಲದು. ಗೋಧಿರಹಿತವೆಂದು ಮಾರಲು ಇಚ್ಛಿಸುವವರು ರಾಗಿಗೆಂದೇ ಪ್ರತ್ಯೇಕ ಗಿರಣಿಯನ್ನು ಇಟ್ಟುಕೊಳ್ಳತಕ್ಕದ್ದು. ಅದಿಲ್ಲದಿದ್ದರೆ ಆ ಮಾತನ್ನು ಚೀಲದ ಮೇಲೆ ಬರೆಯಕೂಡದು.

ಎರಡನೆಯ ದೋಷವು ಮರಳು. ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕುವ ಪದ್ಧತಿಯು ಅನೇಕ ಊರುಗಳಲ್ಲಿದೆ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಹಳ್ಳಿಯವರಿಗೆ ನುಚ್ಚುಗಲ್ಲು ಅಷ್ಟಾಗಿ ತಿಳಿಯದು. ಬಿಸ್ಕತ್ತಿನಲ್ಲಾದರೆ ಮೊದಲ ತುತ್ತಿಗೇ ಹಲ್ಲಿಗೆ ಸಿಕ್ಕುತ್ತದೆ, ಗಿರಾಕಿಯು ಮರಳಿ ಬಾರನು. ಸಾರಿಸಿದ ಕಣದಲ್ಲಾಗಲಿ ಟಾರ್ಪಾಲಿನ ಮೇಲಾಗಲಿ ಒಕ್ಕಿ, ತೂರಿ, ಜರಡಿಯಾಡಿ, ತೊಳೆದು, ಚೆನ್ನಾಗಿ ಒಣಗಿಸಿ ಬೀಸಬೇಕು. ಹಗೇವಿನಲ್ಲಿ ಬಹುಕಾಲವಿದ್ದ ರಾಗಿಯ ಮುಗ್ಗು ವಾಸನೆಯು ತಿನಿಸಿನಲ್ಲಿಯೂ ಉಳಿಯುವುದರಿಂದ ಅದು ಈ ಕೆಲಸಕ್ಕೆ ಬೇಡ. ಸಜ್ಜೆಯ ಹಿಟ್ಟು ಜಿಡ್ಡಿನ ದೆಸೆಯಿಂದ ಬೇಗ ಕಮಟುವುದು; ಅದನ್ನು ಬೇಕಾದಷ್ಟೇ ಬೀಸಬೇಕು.

ಮನೆಯಲ್ಲಿ ಪರೀಕ್ಷಿಸಿ ನೋಡುವವರಿಗೆ ಒಂದು ವಿಧಾನ. 150 ಗ್ರಾಂ ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು ಆರಿಸಿ, 25 ಗ್ರಾಂ ಸಕ್ಕರೆಯಿಲ್ಲದ ಕೋಕೋ ಪುಡಿಯನ್ನೂ ಅರ್ಧ ಚಮಚ ಬೇಕಿಂಗ್ ಪೌಡರನ್ನೂ ಬೆರೆಸಿ ಜರಡಿ ಹಿಡಿಯುವುದು. 80 ಗ್ರಾಂ ಬೆಣ್ಣೆಯೊಡನೆ 75 ಗ್ರಾಂ ಬೆಲ್ಲದ ಪುಡಿಯನ್ನು ನಾದಿ, ಹಿಟ್ಟು ಸೇರಿಸಿ, ಎರಡು ಮೂರು ಚಮಚ ಹಾಲಿನಿಂದ ಮುದ್ದೆಗಟ್ಟಿಸಿ, ಅರ್ಧ ಗಂಟೆ ಬಿಡಬೇಕು. ರಾಗಿಯು ನಿಧಾನವಾಗಿ ನೀರು ಹೀರುವುದರಿಂದ ಈ ವಿರಾಮವನ್ನು ತಪ್ಪಿಸಿದರೆ ಬಿಸ್ಕತ್ತು ತರಿತರಿಯಾಗುತ್ತದೆ. ಬಳಿಕ ತಟ್ಟಿ 165 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 15 ನಿಮಿಷ ಬೇಯಿಸುವುದು. ಬಣ್ಣ ನೋಡಿ ಹದ ತಿಳಿಯಲಾಗದು, ರಾಗಿಯೂ ಕೋಕೋವೂ ಮೊದಲೇ ಕಪ್ಪು. ಅಂಚು ಗಟ್ಟಿಯಾದೊಡನೆ ತೆಗೆಯಬೇಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರ ಮೇಲೆ ತಟ್ಟೆಯಿಟ್ಟು ಮುಚ್ಚಬಹುದು. ಮೊಳಕೆ ರಾಗಿಯ ಹಿಟ್ಟು ಸಿಹಿಯಾದರೂ ಹೆಚ್ಚು ಹಾಕಿದರೆ ಕೇಕಿನ ಒಳಭಾಗವು ಅಂಟಂಟಾಗುತ್ತದೆ.

ಒಲೆಯ ಗೊಡವೆಯೇ ಬೇಡವೆನ್ನುವವರಿಗೆ ಹುರಿಹಿಟ್ಟು ಇದೆ. 200 ಗ್ರಾಂ ಹುರಿಹಿಟ್ಟಿಗೆ 20 ಗ್ರಾಂ ಕೋಕೋ, 120 ಗ್ರಾಂ ಬೆಲ್ಲದ ಪುಡಿ, ಕರಗಿದ ತುಪ್ಪ ಸೇರಿಸಿ ಉಂಡೆ ಕಟ್ಟಬಹುದು. ಅದರ ಮೇಲೆ ಚಾಕೊಲೇಟಿನ ಲೇಪ ಬೇಕಾದರೆ ಚಾಕೊಲೇಟನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವುದು. ಒಂದೆರಡು ತೊಟ್ಟು ನೀರು ಬಿದ್ದರೂ ಅದು ಗಂಟುಗಟ್ಟುತ್ತದೆ.

ಕೋಕೋ ನಮ್ಮ ನಾಡಿನಲ್ಲಿಯೇ, ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುತ್ತದೆ. ಹಸಿ ಬೀಜವನ್ನು ಐದಾರು ದಿನ ರಾಶಿ ಹಾಕಿ, ನಡುನಡುವೆ ತಿರುವಿ ಹುಳಿಯಿಸಿದಲ್ಲದೆ ಚಾಕೊಲೇಟಿನ ಪರಿಮಳ ಬಾರದು. ಇಲ್ಲಿಯೂ ತಿನಿಸಿನ ಗುಣವು ನಿರ್ಧಾರವಾಗುವುದು ತೋಟದಲ್ಲಿಯೇ. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಅದು ಕೋಕೋ ಕೊಳ್ಳತೊಡಗಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ನಡೆಸಲಾರಂಭಿಸಿತು. ರಾಗಿ ಸೀಮೆಯಲ್ಲಿ ಕಾರ್ಖಾನೆಯಷ್ಟು ದೊಡ್ಡ ಬಂಡವಾಳ ಬೇಕಿಲ್ಲ. ಹತ್ತು ಮಂದಿ ಜಮೀನುದಾರರು ಕೂಡಿ ಒಂದು ಕಣ, ಒಂದು ಜರಡಿ ಯಂತ್ರ, ಗೋಧಿ ಸೋಕದ ಒಂದು ಗಿರಣಿಯನ್ನು ಏರ್ಪಡಿಸಬಹುದು. ಬೇಕರಿ ಕೆಲಸವನ್ನು ಕಲಿಯಬಯಸುವ ಊರಿನ ಯುವಕ ಯುವತಿಯರಿಗೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ತರಬೇತಿ ಇದೆ.