ಎತ್ತರಿಸಿದ ಹಳೆಯ ಪಿಕಪ್ ಗಾಡಿಗಳನ್ನು ಕೊಳ್ಳುವ ವಿಚಾರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಪಿಕಪ್ ಮೋಟಾರುಗಳು ಮಾಡುತ್ತಿವೆ. ಹದಮಾಡಿದ ಹೊಗೆಸೊಪ್ಪಿನ ಬೇಲುಗಳು ಕಟ್ಟೆಮಳಲವಾಡಿ, ಚಿಲ್ಕುಂದ ಮೊದಲಾದ ಹರಾಜು ಮಾರುಕಟ್ಟೆಗಳಿಗೂ, ಶುಂಠಿಯ ಮೂಟೆಗಳು ಹೊಲದಿಂದ ರಸ್ತೆಗೂ, ನಾಲೆಯ ಬಯಲಿನ ಭತ್ತವು ಗಿರಣಿಗೂ ಇವುಗಳ ಮೇಲೆಯೇ ಸಾಗುವುವು. ಹೊಸ ಗಾಡಿಯ ಬೆಲೆಯನ್ನು ಭರಿಸಲಾರದವರು ಹಳೆಯದನ್ನು ಕೊಳ್ಳುವುದು ಸಹಜವಾಗಿದೆ. ಅಂಥವುಗಳಲ್ಲಿ ಕೆಲವನ್ನು ಹಿಂದಿನ ಒಡೆಯರು ಸ್ಪ್ರಿಂಗು ಏರಿಸಿ ಎತ್ತರ ಮಾಡಿಸಿರುತ್ತಾರೆ. ಮಾರುವವನು ಇದನ್ನು ಒಂದು ಗುಣವೆಂದೇ ಹೇಳುವನು.

ಗಾಡಿಯ ಹಿಂಭಾಗವು ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿನ ಮೂಲಕ ಅಚ್ಚಿನ ಮೇಲೆ ನಿಂತಿರುತ್ತದೆ. ಎತ್ತರಿಸುವವರು ಈ ಕಟ್ಟಿಗೆ ಒಂದೆರಡು ಪಟ್ಟಿಗಳನ್ನು ಸೇರಿಸುವರು. ಇಲ್ಲವೆ ಅಚ್ಚಿಗೂ ಪಟ್ಟಿಗೂ ನಡುವೆ ಲೋಹದ ದಿಮ್ಮಿಯನ್ನಿಟ್ಟು ಉದ್ದನೆಯ ಯು-ಬೋಲ್ಟುಗಳಿಂದ ಬಿಗಿಯುವರು. ಇಲ್ಲವೆ ಪಟ್ಟಿಯ ತುದಿಯ ಕೊಂಡಿಯನ್ನು ಉದ್ದಮಾಡುವರು. ಕೊಂಡಿಯು ೨ ಅಂಗುಲ ಉದ್ದವಾದರೆ ಗಾಡಿಯು ಸುಮಾರು ೧ ಅಂಗುಲ ಏರುತ್ತದೆ. ಮುಂದೆ ಸುರುಳಿ ಸ್ಪ್ರಿಂಗುಳ್ಳವಕ್ಕೆ ಬಿಲ್ಲೆಯನ್ನು ಕೂರಿಸುವುದೂ ಉಂಟು.

ಮುಖ್ಯವಾಗಿ ತಿಳಿಯತಕ್ಕ ಸಂಗತಿ ಒಂದಿದೆ. ಮುಂಗಾರಿನಲ್ಲಿ ಹೊಲದ ದಾರಿಯ ಚಕ್ಕಡಿಜಾಡು ಆಳವಾಗಿ, ನಡುವಣ ದಿಣ್ಣೆಯು ಗಾಡಿಯ ಹೊಟ್ಟೆಗೆ ತಗಲುತ್ತದೆಂಬುದೇ ಎತ್ತರಿಸುವವರ ದೂರು. ಆದರೆ ಆ ದಿಣ್ಣೆಗೆ ಮೊದಲು ತಗಲುವುದು ಹಿಂದಿನ ಅಚ್ಚಿನ ನಡುವಿರುವ ಡಿಫರೆನ್ಷಿಯಲ್ಲಿನ ಗುಂಡು. ಸ್ಪ್ರಿಂಗು ಏರಿಸಿದರೆ ಮೇಲಿನ ಒಡಲು ಏರುವುದೇ ಹೊರತು ಅಚ್ಚು ಚಕ್ರದೊಡನೆ ಇದ್ದಲ್ಲಿಯೇ ಇರುತ್ತದೆ. ಅಚ್ಚು ೧ ಅಂಗುಲ ಏರಬೇಕಾದರೆ ಟೈರಿನ ವ್ಯಾಸವೇ ೨ ಅಂಗುಲ ಹೆಚ್ಚಬೇಕು. ಹಾಗೆ ದೊಡ್ಡ ಟೈರು ಹಾಕಿದರೆ ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆಯನ್ನು ತೋರುವುದು, ಏರಿನಲ್ಲಿ ಎಂಜಿನು ಸೋಲುವುದು.

ಎತ್ತರದ ಬೆಲೆಯನ್ನು ಲೆಕ್ಕಹಾಕಿ ನೋಡಬಹುದು. ಎಡಬಲ ಚಕ್ರಗಳ ಅಂತರ ೫೬ ಅಂಗುಲ, ಹೊರೆಸಹಿತ ಭಾರಕೇಂದ್ರ ನೆಲದಿಂದ ೪೦ ಅಂಗುಲ ಎಂದಿಟ್ಟುಕೊಂಡರೆ, ನಿಂತ ಗಾಡಿಯು ೧೦೦ಕ್ಕೆ ೭೦ರ ಓರೆಯಲ್ಲಿ ಮಗುಚುವುದು. ೪ ಅಂಗುಲ ಏರಿಸಿದರೆ ಅದು ೬೪ಕ್ಕೆ ಇಳಿಯುತ್ತದೆ. ಓಡುವ ಗಾಡಿಯು ತಿರುವಿನಲ್ಲಿ ಇದಕ್ಕಿಂತ ಬಹಳ ಮೊದಲೇ ಮಗುಚುವುದು. ಹೊಗೆಸೊಪ್ಪಿನ ಬೇಲುಗಳು ಹಗುರವಾದುದರಿಂದ ಅವುಗಳನ್ನು ಎತ್ತರಕ್ಕೆ ಪೇರಿಸುವುದು ವಾಡಿಕೆ. ಆಳುಗಳು ಅವುಗಳ ಮೇಲೆ ಕುಳಿತು ಬರುವುದೂ ಕಾಣುತ್ತದೆ. ಇದು ಸರ್ವಥಾ ಕೂಡದು.

ಬ್ರೇಕಿನ ವಿಷಯ ಇನ್ನೂ ಗಹನವಾದುದು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೆ ಒಂದು ಸಲಾಕೆಯಿಂದ ಜೋಡಿಸಿದ ಕವಾಟವಿರುತ್ತದೆ. ಹೊರೆಯಿಂದ ಒಡಲು ತಗ್ಗಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡವನ್ನು ಬಿಡುವುದು. ಒಡಲನ್ನು ಏರಿಸಿ ಸಲಾಕೆಯನ್ನು ಸರಿಪಡಿಸದಿದ್ದರೆ, ಗಾಡಿ ತುಂಬಿದ್ದರೂ ಕವಾಟವು ಅದನ್ನು ಬರಿದೆಂದೇ ಭಾವಿಸುವುದು. ಹಿಂದಿನ ಬ್ರೇಕು ಹಿಡಿಯದೆ ನಿಲ್ಲುವ ದೂರ ಬೆಳೆಯುವುದು.

ಪಟ್ಟಿ ಹೆಚ್ಚಿದ ಮಾತ್ರಕ್ಕೆ ಹೊರುವ ಹಕ್ಕು ಹೆಚ್ಚುವುದಿಲ್ಲ. ಅಚ್ಚು, ಬೇರಿಂಗು, ಬ್ರೇಕುಗಳು ಹಿಂದಿನವೇ. ನೋಂದಣಿ ಪತ್ರದ ತೂಕವೂ ಹಿಂದಿನದೇ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ತಯಾರಕರ ವಿವರಗಳಿಗೆ ಭಿನ್ನವಾದ ಮಾರ್ಪಾಡನ್ನು ನಿಷೇಧಿಸಿದೆ. ೨೦೧೯ರಲ್ಲಿ ತಿದ್ದುಪಡಿಯಾದ ೧೮೨ಎ ಕಲಮಿನಂತೆ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ ೫,೦೦೦ ರೂಪಾಯಿ ದಂಡ, ಅಥವಾ ಎರಡೂ ಉಂಟು. ಸಂದೇಹವಿದ್ದರೆ ಹಣ ಕೊಡುವ ಮೊದಲೇ ಕೆಎ ೪೫ ಸಂಖ್ಯೆಯನ್ನು ನೀಡುವ ಹುಣಸೂರಿನ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ವಿಮೆಯವರಿಗೆ ತಿಳಿಸದ ಮಾರ್ಪಾಡು ಅಪಘಾತದ ಪರಿಹಾರಕ್ಕೆ ತೊಡಕಾಗಬಹುದು.

ಕೊಳ್ಳುವವರು ಬರಿದಾದ ಗಾಡಿಯನ್ನು ಸಮನಾದ ಕಣದ ಮೇಲೆ ನಿಲ್ಲಿಸಿ, ನಾಲ್ಕು ಚಕ್ರಗಳ ನಡುಬಿಂದುವಿನಿಂದ ಮೇಲಿನ ತಗಡಿನ ಅಂಚಿನವರೆಗೆ ಅಳೆಯಲಿ. ಅದೇ ಮಾದರಿಯ ಮಾರ್ಪಡಿಸದ ಗಾಡಿಯೊಂದನ್ನೂ ಅಳೆದು ಹೋಲಿಸಲಿ. ತುಕ್ಕಿನ ಪಟ್ಟಿಗಳ ನಡುವೆ ಹೊಳೆಯುವ ಹೊಸ ಪಟ್ಟಿ, ಒಂದರ ಮೇಲೊಂದು ಪೇರಿಸಿದ ದಿಮ್ಮಿ, ಚಾಸಿಗೆ ಬೆಸುಗೆ ಹಾಕಿದ ಗುರುತು ಇವುಗಳನ್ನು ಕೆಳಗೆ ಬಗ್ಗಿ ನೋಡಬೇಕು. ಚಾಸಿಯ ಬೆಸುಗೆ ಕಂಡರೆ ಆ ಗಾಡಿಯನ್ನು ಬಿಡುವುದೇ ಲೇಸು. ಒಡಲನ್ನು ಜಾಕಿಯಿಂದೆತ್ತಿ ಚಕ್ರವನ್ನು ಇಳಿಬಿಟ್ಟಾಗ ಬ್ರೇಕಿನ ರಬ್ಬರು ನಳಿಗೆಯು ಬಿಗಿಯಾಗಿ ಎಳೆದು ನಿಲ್ಲಬಾರದು. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿದ್ದರೆ ಅದರ ಕ್ರಾಸು ಬೇಗ ಸವೆದು ಓಟದಲ್ಲಿ ನಡುಕ ಹುಟ್ಟುವುದು.

ಹಲವು ವೇಳೆ ಹಿಂದಿನ ಒಡೆಯನು ಗಾಡಿಯನ್ನು ಎತ್ತರಿಸಿರುವುದಿಲ್ಲ. ಅಧಿಕ ಹೊರೆಯಿಂದ ಜಗ್ಗಿದ ಪಟ್ಟಿಗಳನ್ನು ದಿಮ್ಮಿಯಿಟ್ಟು ಮರೆಮಾಡಿರುತ್ತಾನೆ. ಇಂಥದಕ್ಕೆ ತಯಾರಕರ ಅಳತೆಯ ಪಟ್ಟಿಯ ಕಟ್ಟನ್ನು ಎಡಬಲಗಳೆರಡಕ್ಕೂ ಜೊತೆಯಾಗಿಯೇ ಹಾಕಿಸಿ, ಹೊಸ ಯು-ಬೋಲ್ಟುಗಳಿಂದ ಬಿಗಿಸಿ, ಮೊದಲ ಕೆಲವು ಓಟಗಳಾದ ಮೇಲೆ ಮತ್ತೊಮ್ಮೆ ಬಿಗಿಸಬೇಕು. ಆ ಖರ್ಚನ್ನು ಮಾರುವವನ ಬೆಲೆಯಲ್ಲಿ ಕಳೆದೇ ಮಾತು ಮುಗಿಸತಕ್ಕದ್ದು.