ಹೊರದೇಶಕ್ಕೆ ಮಿಷನ್ ಸೇವೆಗೆ ಹೋಗುವವರು ಮಾಡಬೇಕಾದ್ದು, ಮಾಡಬಾರದ್ದು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸಭೆಗಳಿಂದಲೂ ಧರ್ಮಕೇಂದ್ರಗಳಿಂದಲೂ ಮಿಷನ್ ಸೇವೆಗೆಂದು ಹೊರದೇಶಕ್ಕೆ ಹೋಗುವ ಸ್ವಯಂಸೇವಕರಿಗೆ ಈ ಸೂಚನೆ. ನರ್ಸ್, ಶಿಕ್ಷಕರು, ಗಾರೆ ಕೆಲಸದವರು, ಎಲೆಕ್ಟ್ರಿಷಿಯನ್, ಕಾಲೇಜು ವಿದ್ಯಾರ್ಥಿ, ಯಾರೇ ಆಗಲಿ, ಹತ್ತು ದಿನಕ್ಕೆ ಹೋಗಲಿ, ವರ್ಷಕ್ಕೆ ಹೋಗಲಿ, ನಿಯಮ ಒಂದೇ.

ನಮ್ಮ ತುಮಕೂರು ಜಿಲ್ಲೆ ಮಿಷನ್ ಕೆಲಸವನ್ನು ಮೊದಲು ಕಂಡದ್ದು ಬರಮಾಡಿಕೊಂಡವರ ಕಡೆಯಿಂದ. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಶುರುಮಾಡಿದರು. 1839ರಲ್ಲಿ ವಿಲಿಯಂ ಆರ್ಥರ್ ಅಲ್ಲಿಗೆ ಬಂದರು. ಹೊರಗಿನವರು ಊರಿಗೆ ಬಂದರೆ ಊರಿನವರಿಗೆ ಹೇಗಿರುತ್ತದೆ ಎಂಬುದು ನಮಗೆ ಹೊಸದಲ್ಲ. ಆದ್ದರಿಂದ ಕೆಳಗಿನ ಪ್ರತಿಯೊಂದು ನಿಯಮಕ್ಕೂ ಅಳತೆ ಒಂದೇ: ಪರದೇಶದವರು ನಮ್ಮೂರಿಗೆ ಬಂದು ಹೀಗೆ ಮಾಡಿದರೆ ನಾವು ಒಪ್ಪುತ್ತೇವೆಯೇ? ಒಪ್ಪುವುದಿಲ್ಲವಾದರೆ ಅಲ್ಲಿ ನಾವೂ ಮಾಡಬಾರದು. ನಾವು ದಿನ ಮುಗಿದ ಮೇಲೆ ಹಿಂದಿರುಗುತ್ತೇವೆ. ನಮ್ಮ ತಪ್ಪಿನ ಫಲ ಉಣ್ಣುವವರು ಅಲ್ಲೇ ಉಳಿಯುವ ಜನ.

ಹೊರಡುವ ಮುನ್ನ ಮಾಡಬೇಕಾದ್ದು

1. ಅಲ್ಲಿನವರು ನಿಜವಾಗಿ ಕರೆದಿದ್ದಾರೆಯೇ ಎಂದು ತಿಳಿದುಕೊಳ್ಳಿ. ಆಹ್ವಾನ ಬರಹದಲ್ಲಿರಬೇಕು. ಕರೆದವರ ವಿಳಾಸ, ನಿಮ್ಮಿಂದ ಆಗಬೇಕಾದ ಕೆಲಸ, ಎಷ್ಟು ದಿನ, ಊಟ ವಸತಿಯ ಖರ್ಚು ಯಾರದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಸಿಎಸ್ಐ ಸಭೆಯವರು ಬೆಂಗಳೂರಿನ ತಮ್ಮ ಸಭಾಪ್ರಾಂತ್ಯದ ಕಚೇರಿಯಲ್ಲಿ, ಕ್ಯಾಥೋಲಿಕರು ಬೆಂಗಳೂರು ಮಹಾಧರ್ಮಕ್ಷೇತ್ರದ ಕಚೇರಿಯಲ್ಲಿ ಆ ಸಂಸ್ಥೆಯ ಬಗ್ಗೆ ವಿಚಾರಿಸಿ. ಸ್ವತಂತ್ರ ಸಭೆಯವರು ಅಲ್ಲಿಗೆ ಹಿಂದೆ ಹೋಗಿ ಬಂದವರಿಬ್ಬರನ್ನಾದರೂ ಕೇಳಿ.

2. ಪಾಸ್‌ಪೋರ್ಟ್ ಇಲ್ಲದವರು ಮೂರು ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿ. ತುಮಕೂರಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಸರ್ಕಾರಿ ಶುಲ್ಕ 1,500 ರೂಪಾಯಿ. ಅರ್ಜಿ ತುಂಬಿಕೊಡುವ ನೆಪದಲ್ಲಿ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಪಾಸ್‌ಪೋರ್ಟ್ ಇರುವವರು ಅವಧಿ ಮುಗಿಯಲು ಇನ್ನೂ ಆರು ತಿಂಗಳಿಗಿಂತ ಹೆಚ್ಚು ಉಳಿದಿದೆಯೇ ನೋಡಿಕೊಳ್ಳಿ.

3. ನೀವು ಮಾಡಲಿರುವ ಕೆಲಸಕ್ಕೆ ಯಾವ ವೀಸಾ ಬೇಕು ಎಂದು ಆ ದೇಶದ ರಾಯಭಾರ ಕಚೇರಿಯಿಂದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕೇ ಬೇಕು, ಆಧಾರ್ ಒಂದೇ ಸಾಲದು.

4. ಆಫ್ರಿಕಾದ ಕೀನ್ಯಾ, ಉಗಾಂಡಾದಂಥ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ. ಆ ಪ್ರಮಾಣಪತ್ರ ಜೀವಮಾನವಿಡೀ ನಡೆಯುತ್ತದೆ. ಅದಿಲ್ಲದೆ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

5. ದಿನವೂ ಮಾತ್ರೆ ನುಂಗುವವರು ವೈದ್ಯರ ಚೀಟಿಯನ್ನು ಮಾತ್ರೆಯ ಜೊತೆಗೇ ಇಟ್ಟುಕೊಳ್ಳಿ. ಇಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ಕೋಡೀನ್, ಟ್ರಮಡಾಲ್ ಇರುವ ಔಷಧಿಗಳಿಗೆ ಕೊಲ್ಲಿ ದೇಶಗಳಲ್ಲಿ ಬಿಗಿ ಕಾನೂನಿದೆ.

6. ಸರ್ಕಾರಿ ಶಾಲೆಯ ಶಿಕ್ಷಕರು, ಆಸ್ಪತ್ರೆಯ ಸಿಬ್ಬಂದಿ ಮತ್ತು ಇತರ ಸರ್ಕಾರಿ ನೌಕರರು ಇಲಾಖೆಯ ಅನುಮತಿ ಕೈಗೆ ಬಂದ ಮೇಲೆಯೇ ಟಿಕೆಟ್ ಮಾಡಿಸಿ.

7. ಹೋಗುವ ಊರಿನ ಮಾತನ್ನು ಒಂದಿಷ್ಟು ಕಲಿಯಿರಿ. ನಮಸ್ಕಾರ, ನೀರು, ನೋವು, ಬೇಡ, ಕ್ಷಮಿಸಿ, ಇಷ್ಟನ್ನಾದರೂ ಅವರ ಭಾಷೆಯಲ್ಲಿ ಹೇಳಲು ಬರಲೇಬೇಕು. ಆಂಧ್ರದ ನೆರೆಯಲ್ಲೇ ಇದ್ದು ಕನ್ನಡ ತೆಲುಗು ಎರಡನ್ನೂ ಆಡುವ ಪಾವಗಡದವರಿಗೆ ಇದರ ಬೆಲೆ ಗೊತ್ತು.

8. ಪ್ರಯಾಣ ವಿಮೆ ಮಾಡಿಸಿ. ಪಾಸ್‌ಪೋರ್ಟ್, ವೀಸಾ, ವಿಮೆಯ ನಕಲುಗಳ ಒಂದು ಕಂತೆ ಮನೆಯಲ್ಲಿರಲಿ, ಇನ್ನೊಂದು ಸಭಾಪಾಲಕರ ಬಳಿ ಇರಲಿ. ಆ ದೇಶದ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಹೊರಡುವ ಮುನ್ನ ಮಾಡಬಾರದ್ದು

9. ಸಾಲ ಮಾಡಿ ಹೋಗಬಾರದು. ಸಂಘದ ಸಾಲ, ಕೈಸಾಲ, ಮನೆಯವರ ಒಡವೆ ಅಡ ಇಟ್ಟು ತಂದ ಹಣ ಯಾವುದೂ ಬೇಡ. ಸೇವೆಗೆ ಹೋದವರ ಕಂತನ್ನು ಮನೆಯಲ್ಲಿ ಉಳಿದ ತಾಯಿ ಕೂಲಿ ಮಾಡಿ ಕಟ್ಟುವಂತಾಗಬಾರದು.

10. ಮಿಷನ್ ಸೇವೆಯ ಜೊತೆಗೆ ಕೆಲಸವನ್ನೂ ಕೊಡಿಸುತ್ತೇವೆ ಎನ್ನುವವರನ್ನು ನಂಬಬಾರದು. ಒಳ್ಳೆಯ ಕೆಲಸದ ಆಸೆಗೆ ಪ್ರವಾಸಿ ವೀಸಾದಲ್ಲಿ ಹೋಗಿ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದ ಭಾರತೀಯರು ಬಹಳ. ಇಂಥ ಮಾತು ಕಿವಿಗೆ ಬಿದ್ದರೆ ಆ ಪ್ರಯಾಣವನ್ನೇ ಕೈಬಿಡಿ, ಪೊಲೀಸರಿಗೆ ತಿಳಿಸಿ.

11. ಪಾಸ್‌ಪೋರ್ಟನ್ನು ಇಟ್ಟುಕೊಳ್ಳಲು ಯಾರಿಗೂ ಕೊಡಬಾರದು, ತಂಡದ ಮುಖ್ಯಸ್ಥರಿಗೂ ಕೊಡಬಾರದು. ಅದು ಭಾರತ ಸರ್ಕಾರದ ಆಸ್ತಿ, ಖಾಸಗಿಯವರು ಹಿಡಿದಿಟ್ಟುಕೊಳ್ಳುವಂತಿಲ್ಲ.

12. 18 ವರ್ಷ ತುಂಬದವರನ್ನು ತಂಡದಲ್ಲಿ ಸೇರಿಸಬಾರದು.

ಆ ದೇಶದ ಕಾನೂನು

13. ಅಲ್ಲಿನ ಕಾನೂನು ನಮಗೆ ಇಷ್ಟವಾಗಲಿ ಆಗದಿರಲಿ, ಪಾಲಿಸಬೇಕು. ವೀಸಾ ಇಲ್ಲದೆ ಹೋಗಬಹುದಾದ ನೇಪಾಳವನ್ನೇ ನೋಡಿ. ಗಡಿ ದಾಟುವುದು ಸುಲಭ ಎಂದು ಅಲ್ಲಿ ಎಲ್ಲವೂ ಸಲ್ಲುತ್ತದೆ ಎಂದುಕೊಳ್ಳಬೇಡಿ. 2015ರ ಸಂವಿಧಾನದ 26ನೇ ವಿಧಿ ಮತ್ತೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸಿದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯ ಪ್ರಕಾರ ಅದಕ್ಕೆ 5 ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯರನ್ನು ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ ಕಳಿಸುತ್ತಾರೆ. ಕೊಲ್ಲಿಯ ಹಲವು ದೇಶಗಳಲ್ಲಿ ಅನುಮತಿ ಪಡೆದ ಚರ್ಚಿನ ಆವರಣದೊಳಗೆ ಆರಾಧನೆ ನಡೆಯುತ್ತದೆ, ಬೀದಿಯಲ್ಲಿ ಸುವಾರ್ತೆ ಸಾರುವುದಕ್ಕೆ ಅವಕಾಶವಿಲ್ಲ.

14. ಪ್ರವಾಸಿ ಎಂದು ಬರೆದುಕೊಟ್ಟು ಸುವಾರ್ತಾ ಸೇವೆ ಮಾಡಬಾರದು. ಸತ್ಯ ಸಾರಲು ಹೋಗುವವರು ಸುಳ್ಳು ಅರ್ಜಿಯ ಮೇಲೆ ಗಡಿ ದಾಟಬಾರದು. 2018ರ ನವೆಂಬರ್‌ನಲ್ಲಿ ಅಮೆರಿಕದ ಯುವಕನೊಬ್ಬ ಪ್ರವಾಸಿ ವೀಸಾದಲ್ಲಿ ನಮ್ಮ ದೇಶಕ್ಕೆ ಬಂದು, ಯಾರಿಗೂ ಪ್ರವೇಶವಿಲ್ಲದ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಸುವಾರ್ತೆಗೆಂದು ಹೋಗಿ ಪ್ರಾಣ ಕಳೆದುಕೊಂಡ. ದೋಣಿಯಲ್ಲಿ ಕರೆದೊಯ್ದ ಬಡ ಮೀನುಗಾರರು ಬಂಧನಕ್ಕೊಳಗಾದರು. ಹೊರಗಿನ ರೋಗಗಳನ್ನು ತಡೆದುಕೊಳ್ಳುವ ಶಕ್ತಿಯಿಲ್ಲದ ದ್ವೀಪದ ಜನ ಅಪಾಯಕ್ಕೆ ಗುರಿಯಾದರು. ಆ ಯುವಕನ ಧೈರ್ಯವನ್ನು ಹೊಗಳುವವರು ಈ ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

15. ಅಕ್ಕಿ, ಬಟ್ಟೆ, ಔಷಧಿ, ಶಾಲೆಯ ಫೀಸು ಕೊಟ್ಟು ಅದರ ಬದಲಿಗೆ ಪ್ರಾರ್ಥನೆಗೆ ಬನ್ನಿ ಎನ್ನಬಾರದು. ಸಹಾಯ ಕೇಳಿ ಬಂದವರ ಜಾತಿ, ಮತ ಕೇಳಬಾರದು. ನಿಮ್ಮ ನಂಬಿಕೆಯ ಬಗ್ಗೆ ಅವರಾಗಿ ಕೇಳಿದರೆ, ಕಾನೂನು ಒಪ್ಪುವಷ್ಟು ಮಾತಿನಲ್ಲಿ ನೇರವಾಗಿ ಹೇಳಿ. ಅವರ ದೇವರನ್ನು, ಪೂಜೆಯನ್ನು, ಹಬ್ಬವನ್ನು ಹೀನಾಯವಾಗಿ ಆಡಬಾರದು.

ಮಕ್ಕಳ ವಿಷಯ

16. ಯಾವ ಕಾರಣಕ್ಕೂ ಮಗುವನ್ನು ಊರಿನಿಂದ, ಮನೆಯಿಂದ ಕರೆದುಕೊಂಡು ಹೋಗಬಾರದು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ತಿಂಗಳು ಮುಗಿಯುವ ಮೊದಲೇ, 33 ಮಕ್ಕಳನ್ನು ಪಕ್ಕದ ದೇಶಕ್ಕೆ ದಾಟಿಸಲು ಹೋದ ಅಮೆರಿಕದ ಹತ್ತು ಬ್ಯಾಪ್ಟಿಸ್ಟ್ ಸ್ವಯಂಸೇವಕರನ್ನು ಗಡಿಯಲ್ಲಿ ಬಂಧಿಸಿದರು. ಅನಾಥರೆಂದುಕೊಂಡಿದ್ದ ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ತಂದೆತಾಯಿ ಇದ್ದರು. ಕಾಗದಪತ್ರವೂ ಇರಲಿಲ್ಲ.

17. ಒಂದೆರಡು ವಾರಕ್ಕೆಂದು ಅನಾಥಾಲಯದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಒಪ್ಪಬಾರದು. ಹೊಸ ಮುಖ ಬಂದು, ಎತ್ತಿಕೊಂಡು, ಮುದ್ದಿಸಿ, ಹೊರಟುಹೋದರೆ ಆ ಮಗು ಮತ್ತೊಮ್ಮೆ ತಬ್ಬಲಿಯಾಗುತ್ತದೆ. ಅತಿಥಿಗಳ ಕಾಣಿಕೆಯ ಆಸೆಗೆ, ತಂದೆತಾಯಿ ಇರುವ ಮಕ್ಕಳನ್ನೇ ತಂದು ಅನಾಥರೆಂದು ತೋರಿಸುವ ಕಡೆಗಳೂ ಇವೆ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಇಂಥ ಅನಾಥಾಲಯ ಪ್ರವಾಸದ ಹಾನಿಯನ್ನು ತಡೆಯುವಂತೆ ದೇಶಗಳಿಗೆ ಹೇಳಿದೆ. ಮಕ್ಕಳಿಗೆ ಒಳ್ಳೆಯದು ಮಾಡುವ ಮನಸ್ಸಿದ್ದರೆ ಅವರ ಶಾಲೆಯ ಗೋಡೆ ಕಟ್ಟಿ, ವೈರಿಂಗ್ ಮಾಡಿಕೊಡಿ, ಅವರ ತಾಯಂದಿರಿಗೆ ಹೊಲಿಗೆ ಕಲಿಸಿ.

18. ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಯಾವಾಗಲೂ ಇನ್ನೊಬ್ಬ ಹಿರಿಯರು ಕಣ್ಣಳತೆಯಲ್ಲಿ ಇರಬೇಕು. ತಂಡದವರಲ್ಲಿ ಯಾರಾದರೂ ಇದನ್ನು ಮೀರಿದ್ದು ಕಂಡರೆ ಅವತ್ತೇ ಹೇಳಿ. ಸಭೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದು ದೊಡ್ಡ ಪಾಪ.

ಕೆಲಸದ ಮಿತಿ

19. ಇಲ್ಲಿ ನಿಮಗೆ ಮಾಡಲು ಅರ್ಹತೆ ಇಲ್ಲದ ಕೆಲಸವನ್ನು ಅಲ್ಲಿಯೂ ಮಾಡಬಾರದು. ಮಧುಗಿರಿ ಆಸ್ಪತ್ರೆಯಲ್ಲಿ ನಿಮ್ಮ ಕೈಗೆ ಸಿರಿಂಜ್ ಕೊಡುವುದಿಲ್ಲ ಎಂದಮೇಲೆ ಉಗಾಂಡಾದ ಕಂಪಾಲಾದಲ್ಲಿಯೂ ಹಿಡಿಯಬೇಡಿ. ಅದೇ ಉಗಾಂಡಾದ ಜಿಂಜಾದಲ್ಲಿ ವೈದ್ಯಕೀಯ ತರಬೇತಿಯಿಲ್ಲದ ಅಮೆರಿಕದ ಮಿಷನರಿ ಯುವತಿಯೊಬ್ಬರು ಅಪೌಷ್ಟಿಕ ಮಕ್ಕಳ ಕೇಂದ್ರ ನಡೆಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. 2019ರಲ್ಲಿ ಇಬ್ಬರು ತಾಯಂದಿರು ನ್ಯಾಯಾಲಯಕ್ಕೆ ಹೋದರು, 2020ರಲ್ಲಿ ಪರಿಹಾರ ಕೊಟ್ಟು ರಾಜಿಯಾಯಿತು. ಒಳ್ಳೆಯ ಮನಸ್ಸು ಅರ್ಹತೆಯ ಬದಲಿಗೆ ನಿಲ್ಲುವುದಿಲ್ಲ. ನರ್ಸಿಂಗ್ ಓದಿದವರು ಕೂಡ ಆ ದೇಶದ ಅನುಮತಿ ಪಡೆದು, ಅಲ್ಲಿನ ವೈದ್ಯರ ಕೈಕೆಳಗೆ ಮಾತ್ರ ಕೆಲಸ ಮಾಡಿ.

20. ಕೊಳವೆಬಾವಿ ಕೊರೆಸಿಕೊಟ್ಟರೆ, ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಕುಡಿಯಲು ಬಿಡಬಾರದು. ಆಳಕ್ಕೆ ಕೊರೆದ ನೀರಿನ ಫ್ಲೋರೈಡು ಹಲ್ಲು ಮೂಳೆಗಳಿಗೆ ಏನು ಮಾಡುತ್ತದೆ ಎಂಬುದನ್ನು ಪಾವಗಡದ ಹಳ್ಳಿಗಳು ಮೈಯಲ್ಲೇ ಕಂಡಿವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ನೆರವಿನ ಹಣದಲ್ಲೂ ಲಕ್ಷಾಂತರ ಕೊಳವೆಬಾವಿ ಹಾಕಿದರು. ಅಲ್ಲಿನ ನೀರಿನಲ್ಲಿ ಆರ್ಸೆನಿಕ್ ಇದೆಯೆಂದು ಗೊತ್ತಾದದ್ದು 1993ರಲ್ಲಿ. ಅಷ್ಟರಲ್ಲಿ ಕೋಟ್ಯಂತರ ಜನ ಆ ವಿಷವನ್ನು ಕುಡಿದಾಗಿತ್ತು.

21. ಊರಿನ ಗಾರೆಯವರಿಗೆ, ಬಡಗಿಗೆ ಸಿಗಬೇಕಾದ ಕೂಲಿಯನ್ನು ಪುಕ್ಕಟೆ ಕೆಲಸ ಮಾಡಿ ತಪ್ಪಿಸಬಾರದು. ಅವರ ಜೊತೆ ನಿಂತು ಕೆಲಸ ಮಾಡಿ, ಕೂಲಿ ಅವರಿಗೇ ಸಲ್ಲಲಿ. ಏನು ಕಟ್ಟಬೇಕು, ಎಲ್ಲಿ ಕಟ್ಟಬೇಕು ಎಂಬುದು ಕರೆದವರ ತೀರ್ಮಾನ.

ಹಣ ಮತ್ತು ಫೋಟೋ

22. ಸಭೆಯವರು ಕೊಟ್ಟ ಕಾಣಿಕೆಯ ಒಂದೊಂದು ರೂಪಾಯಿಗೂ ರಸೀದಿ ಇಡಿ. ವಾಪಸು ಬಂದ ತಿಂಗಳೊಳಗೆ ಆರಾಧನೆಯ ನಂತರ ಲೆಕ್ಕ ಓದಿ ಹೇಳಿ. ಶೇಂಗಾ ಮಾರಿದ ದುಡ್ಡಿನಲ್ಲಿ, ಕೂಲಿಯ ದುಡ್ಡಿನಲ್ಲಿ ಉಳಿಸಿ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ.

23. ಅಲ್ಲಿನವರಿಂದ ನಮ್ಮ ಸಭೆಗೆಂದು, ಶಾಲೆಗೆಂದು ಹಣ ತರಬಾರದು, ನಿಮ್ಮ ಸ್ವಂತ ಖಾತೆಗೂ ಹಾಕಿಸಿಕೊಳ್ಳಬಾರದು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಂತೆ ನೋಂದಣಿಯಾದ ಅಥವಾ ಮುಂಚಿತ ಅನುಮತಿ ಪಡೆದ ಸಂಸ್ಥೆಗಳು ಮಾತ್ರ, ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಯ ಮೂಲಕ ಅದನ್ನು ಪಡೆಯಬಹುದು. ನಿಮ್ಮ ಒಬ್ಬರ ತಪ್ಪಿಗೆ ಇಡೀ ಸಭೆ ತನಿಖೆಗೆ ಗುರಿಯಾಗುತ್ತದೆ.

24. ರೋಗಿಗಳ, ಮಕ್ಕಳ, ಹರಿದ ಬಟ್ಟೆಯವರ ಫೋಟೋ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬಾರದು. ಪ್ರಾರ್ಥನೆಯ, ದೀಕ್ಷಾಸ್ನಾನದ ಚಿತ್ರವನ್ನಂತೂ ಎಲ್ಲಿಗೂ ಕಳಿಸಬೇಡಿ. ನಿಮಗೆ ಅದು ನೆನಪಿನ ಚಿತ್ರ, ಅಲ್ಲಿನ ಪೊಲೀಸರಿಗೆ ಸಾಕ್ಷ್ಯ. ಜೈಲಿಗೆ ಹೋಗುವವರು ಚಿತ್ರದಲ್ಲಿರುವ ಸ್ಥಳೀಯರು.

ಹಿಂದಿರುಗಿದ ಮೇಲೆ

25. ಸಾಕ್ಷಿ ಹೇಳುವಾಗ ಆ ಜನರನ್ನು ಕತ್ತಲಲ್ಲಿದ್ದವರು, ಏನೂ ತಿಳಿಯದವರು ಎಂದು ಚಿತ್ರಿಸಬಾರದು. ಅವರ ಎದುರಿಗೇ ಹೇಳಬಲ್ಲ ಮಾತನ್ನು ಮಾತ್ರ ಇಲ್ಲಿ ಹೇಳಿ. ಅವರಿಂದ ನೀವು ಏನು ಕಲಿತಿರಿ ಎಂಬುದನ್ನೂ ಹೇಳಿ.

26. ಕೊಟ್ಟ ಮಾತು ಉಳಿಸಿಕೊಳ್ಳಿ. ಪುಸ್ತಕ ಕಳಿಸುತ್ತೇನೆ, ಫೋನ್ ಮಾಡುತ್ತೇನೆ ಎಂದಿದ್ದರೆ ಮಾಡಿ. ಆಗದ ಮಾತನ್ನು ಅಲ್ಲಿ ಕೊಡಲೇಬೇಡಿ.

27. ಜ್ವರ ಬಂದರೆ ಯಾವ ದೇಶದಿಂದ ಬಂದಿರಿ ಎಂಬುದನ್ನು ವೈದ್ಯರಿಗೆ ಮೊದಲು ತಿಳಿಸಿ.

ಈ ನಿಯಮಗಳನ್ನು ಮೀರಿದವರನ್ನು ತಂಡದ ಮುಖ್ಯಸ್ಥರು ಕೂಡಲೇ ವಾಪಸು ಕಳಿಸಬೇಕು. ಸಭೆಯ ಹಿರಿಯರು ಅವರನ್ನು ಮತ್ತೆ ಹೊರದೇಶದ ಸೇವೆಗೆ ಕಳಿಸಬಾರದು. ಮುಖ್ಯಸ್ಥರೇ ಮೀರಿದರೆ ಅವರಿಗೂ ಇದೇ ಕ್ರಮ.

ಹೋಗುವ ಪ್ರತಿಯೊಬ್ಬರೂ ಈ ಸೂಚನೆಯನ್ನು ಮನೆಯವರ ಮುಂದೆ ಪೂರ್ತಿ ಓದಿ ಸಹಿ ಹಾಕಬೇಕು. ಒಂದು ಪ್ರತಿ ಸಭಾಪಾಲಕರಿಗೆ ಅಥವಾ ಧರ್ಮಕೇಂದ್ರದ ಗುರುಗಳಿಗೆ, ಒಂದು ಪ್ರತಿ ಕರೆದ ಸಂಸ್ಥೆಗೆ. ಈ ಸಹಿ ಇಲ್ಲದವರಿಗೆ ಸಭೆಯ ಕಾಣಿಕೆಯಿಂದ ಟಿಕೆಟ್ ಮಾಡಿಸಬಾರದು.