ಬೇರುನಾಳ ತೊಳೆಯುವ ಕೆಲಸ

ರೂಟ್ ಕೆನಾಲ್ ಎಂದರೆ ನರ ತೆಗೆದು ಕ್ಯಾಪ್ ಕೂರಿಸುವುದು ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ದಂತವೈದ್ಯ ವೃತ್ತಿ ನನಗೆ ಕಲಿಸಿದ ಪಾಠ ಬೇರೆ: ಹಲ್ಲಿನ ಭವಿಷ್ಯ ನಾಳದೊಳಗಿನ ಸೋಂಕು ಎಷ್ಟು ತಗ್ಗಿತು ಎಂಬುದರ ಮೇಲೆ ನಿಂತಿದೆ, ಅದನ್ನು ತಗ್ಗಿಸುವುದರಲ್ಲಿ ನಾಳ ಕೆರೆಯುವ ಫೈಲ್‌ಗಿಂತ ತೊಳೆಯುವ ದ್ರಾವಣದ ಪಾಲೇ ದೊಡ್ಡದು. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟು ನೋಡಿದರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ, ಊಟದ ಚೂರು ಒಳಗೆ ಸಿಕ್ಕಿಕೊಂಡಿದ್ದರೂ, ಗಾಯದ ಮೇಲೆ ಹೊಸ ದಂತದ್ರವ್ಯ ಬೆಳೆದು ಮುಚ್ಚಿತು. ಶತ್ರು ಯಾರೆಂಬ ವಾದ ಬಹುಮಟ್ಟಿಗೆ ಅಲ್ಲಿಗೇ ತೀರಿತು.

ಫೈಲ್ ದುಂಡಗೆ ತಿರುಗುತ್ತದೆ; ನಾಳ ದುಂಡಗಿರುವುದಿಲ್ಲ. ಚಪ್ಪಟೆ ನಾಳ, ಕವಲು, ಎರಡು ನಾಳಗಳ ನಡುವಿನ ಸಂದು, ಇವೆಲ್ಲ ಅದಕ್ಕೆ ಎಟುಕುವುದಿಲ್ಲ. ಎಷ್ಟೇ ದುಬಾರಿ ಫೈಲ್ ಆದರೂ ಗೋಡೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಅದು ತಗುಲದೆ ಉಳಿಯಬಹುದು ಎಂದು ಮೈಕ್ರೋ ಸಿಟಿ ಚಿತ್ರಗಳು ತೋರಿಸಿವೆ. ಅಲ್ಲಿಗೆ ಹೋಗಬಲ್ಲದ್ದು ಸೋಡಿಯಂ ಹೈಪೋಕ್ಲೋರೈಟ್. ಬ್ಯಾಕ್ಟೀರಿಯಾ ಕೊಲ್ಲುವುದರ ಜೊತೆಗೆ ಸತ್ತ ತಿರುಳನ್ನೂ ಅದು ಕರಗಿಸುತ್ತದೆ. ಇನ್ನೊಂದು ದ್ರಾವಣವಾದ ಕ್ಲೋರ್‌ಹೆಕ್ಸಿಡಿನ್‌ಗೆ ಈ ಎರಡನೆಯ ಗುಣವಿಲ್ಲ. ಸಾಲದ್ದಕ್ಕೆ ಎರಡೂ ಒಳಗೆ ಬೆರೆತರೆ ಕಂದು ಬಣ್ಣದ ಗಸಿ ಕಟ್ಟುತ್ತದೆ. ಫೈಲ್ ಉಜ್ಜಿ ಗೋಡೆಗೆ ಮೆತ್ತಿದ ಹಿಟ್ಟಿನ ಪದರ ಬಿಡಿಸಲು ಕೊನೆಯಲ್ಲಿ ಸುಮಾರು ಒಂದು ನಿಮಿಷ 17% ಇಡಿಟಿಎ ದ್ರಾವಣ ಬೇಕು.

ಹೈಪೋಕ್ಲೋರೈಟ್ ಬೇರಿನಾಚೆ ನುಗ್ಗಿದರೆ ತಡೆಯಲಾರದ ನೋವು, ಬಾವು; ಇಂಥ ಉರಿಯುವ ದ್ರಾವಣ ಏಕೆ ಎಂಬ ಆಕ್ಷೇಪವಿದೆ. ಭಯ ನಿಜ. ಆದರೆ ಹೆಚ್ಚಾಗಿ ಅನಾಹುತವಾಗುವುದು ಸೂಜಿ ನಾಳದಲ್ಲಿ ಬಿಗಿಯಾಗಿ ಕಚ್ಚಿಕೊಂಡಾಗ ಸಿರಿಂಜನ್ನು ಜೋರಾಗಿ ಒತ್ತುವುದರಿಂದ. ಪಕ್ಕದಲ್ಲಿ ತೂತಿರುವ ಸೂಜಿ, ತುದಿಗಿಂತ ಒಂದೆರಡು ಮಿಲಿಮೀಟರ್ ಹಿಂದೆ, ಸಡಿಲವಾಗಿ, ನಿಧಾನವಾಗಿ: ಇಷ್ಟು ಪಾಲಿಸಿದರೆ ಅಪಾಯ ಬಹಳ ತಗ್ಗುತ್ತದೆ. ಸಾಂದ್ರತೆ 0.5% ಇರಲಿ, 5% ಇರಲಿ, ಕೊಳೆ ಕರಗಿಸುತ್ತಾ ದ್ರಾವಣದ ಶಕ್ತಿ ಮುಗಿಯುತ್ತದೆ. ಮತ್ತೆ ಮತ್ತೆ ಹೊಸದನ್ನು ಹರಿಸಬೇಕು. ತುದಿಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆ ಒಡೆಯಲು ಅಲ್ಟ್ರಾಸೋನಿಕ್ ಉಪಕರಣ ಒಳ್ಳೆಯದು. ಅದಿಲ್ಲದ ಕ್ಲಿನಿಕ್‌ನಲ್ಲಿ ನಾಳ ತುಂಬಲು ಬಳಸುವ, ಅಳತೆಗೆ ಹೊಂದುವ ಗಟ್ಟಾಪರ್ಚಾ ಕಡ್ಡಿಯನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿದರೂ ಉಪಯೋಗವಿದೆ, ಖರ್ಚಿಲ್ಲ. ಲೇಸರ್ ಜಾಹೀರಾತು ನೋಡಿ ಬರುವವರಿಗೆ ಇದು ಸಪ್ಪೆ ಎನಿಸಬಹುದು. ಲೇಸರ್ ಸಹಾಯ ಮಾಡೀತು, ದ್ರಾವಣದ ಜಾಗವನ್ನು ತುಂಬಲಾರದು.

ಏನು ಮಾಡಿದರೂ ನಾಳವನ್ನು ಪೂರ್ತಿ ಜೀವಾಣುರಹಿತ ಮಾಡಲಾಗದು; ಹಾಗಿದ್ದರೆ ಇಷ್ಟೆಲ್ಲ ಏಕೆ? ಶೋಗ್ರೆನ್ ತಂಡ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ. ನಾಳ ತುಂಬುವ ಮುನ್ನ ಬ್ಯಾಕ್ಟೀರಿಯಾ ಸಿಗದ ಹಲ್ಲುಗಳಲ್ಲಿ 94% ವಾಸಿಯಾದವು, ಸಿಕ್ಕವುಗಳಲ್ಲಿ 68%. ಸ್ವಲ್ಪ ಉಳಿದರೂ ಅನೇಕ ಹಲ್ಲು ಗುಣವಾಗುತ್ತವೆ ಎಂಬುದು ನಿಜ; ಆ ವ್ಯತ್ಯಾಸವೂ ಅಷ್ಟೇ ನಿಜ. ಒಂದೇ ಸಿಟ್ಟಿಂಗೋ, ನಡುವೆ ಔಷಧವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಎರಡೋ ಎಂಬ ಜಗಳದಲ್ಲಿ ಫಲಿತಾಂಶಗಳ ಅಂತರ ದೊಡ್ಡದಿಲ್ಲ. ಕೀವು ಒಸರುತ್ತಿದ್ದರೆ ಮಾತ್ರ ನಾನು ಎರಡರ ಪಕ್ಷ.

ಒಳಗೆ ಎಷ್ಟು ತೊಳೆದರೂ ಮೇಲಿಂದ ಜೊಲ್ಲು ಇಳಿಯುತ್ತಿದ್ದರೆ ಎಲ್ಲ ವ್ಯರ್ಥ. ಅದನ್ನು ತಡೆಯಲು ಹಲ್ಲಿನ ಸುತ್ತ ಕೂರಿಸುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, 1864ರಿಂದಲೂ ಇದೆ; ದ್ರಾವಣ ಗಂಟಲಿಗೆ ಹೋಗದಂತೆಯೂ ಅದು ಕಾಯುತ್ತದೆ. ಚಿಕಿತ್ಸೆಗೆ ಕೂರುವ ಮೊದಲು ‘ರಬ್ಬರ್ ಡ್ಯಾಮ್ ಹಾಕುತ್ತೀರಲ್ಲ ಡಾಕ್ಟ್ರೇ?’ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.